ರೆಕ್ಕೆ ಕೊನೆಗೂ ಕೂತಿತು

ಕಿಟ್ ತಂದು ಕಟ್ಟುತ್ತಿದ್ದ ಆರ್‌ಸಿ ಟ್ರೈನರ್, ಅಂದರೆ ರಿಮೋಟ್‌ನಿಂದ ಹಾರಿಸುವ, ಕಲಿಯುವವರಿಗೆಂದೇ ಇರುವ ಪುಟ್ಟ ವಿಮಾನ ಇವತ್ತು ಮುಗಿಯಿತು. ಪೂರ್ತಿ ಬಾಲ್ಸಾ ಮರ. ಜಾಸ್ತಿ ಬರುವುದು ಈಕ್ವೆಡಾರ್‌ನಿಂದ. ಹಪ್ಪಳದಷ್ಟು ಹಗುರ, ಉಗುರು ತಾಗಿದರೂ ಗುರುತು ಬೀಳುತ್ತದೆ. ಆದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಗಟ್ಟಿಮರವಂತೆ, ತೇಗದ ಗುಂಪಿಗೇ ಸೇರಿದ್ದು!

ನಕ್ಷೆಯ ಮೇಲೆ ಪಿನ್ ಚುಚ್ಚಿ ರಿಬ್‌ಗಳನ್ನು (ರೆಕ್ಕೆಯೊಳಗಿನ ಪಕ್ಕೆಲುಬಿನಂಥ ಪಟ್ಟಿಗಳನ್ನು) ಅಂಟಿಸುವುದು ಸುಖದ ಕೆಲಸ. ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಹೊದಿಸಿ ಬಿಸಿ ಇಸ್ತ್ರಿ ಆಡಿಸುವುದು ಇನ್ನೂ ಮಜಾ, ಸುಕ್ಕೆಲ್ಲ ಕಣ್ಣೆದುರೇ ಬಿಗಿಯಾಗಿ ಮಾಯ. ಸರ್ವೋ (ವಿಮಾನವನ್ನು ತಿರುಗಿಸುವ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರು) ವೈರಿಂಗ್ ಮಾತ್ರ ಬರೀ ಬೇಜಾರು.

ಕೊನೆಗೆ ಸಮತೋಲ ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಸುಮಾರು ಕಾಲು ಭಾಗ ಹಿಂದೆ ಬೆರಳಿಟ್ಟು ಎತ್ತಿದರೆ ವಿಮಾನ ಮಟ್ಟಸವಾಗಿ ನಿಲ್ಲಬೇಕು, ಮೂಗು ಒಂಚೂರು ಬಾಗಿದರೂ ಪರವಾಗಿಲ್ಲ. ಬಾಲ ಭಾರವಾದರೆ ಮಾತ್ರ ಅದು ಮೇಲೆ ಹೋದಮೇಲೆ ಯಾರ ಮಾತೂ ಕೇಳುವುದಿಲ್ಲ. ಬ್ಯಾಟರಿಯನ್ನು ಸ್ವಲ್ಪ ಮುಂದೆ ತಳ್ಳಿದೆ, ಸರಿಹೋಯಿತು. ಮೂಗಿಗೆ ಸೀಸ ಅಂಟಿಸುವ ಗೋಜೇ ಬರಲಿಲ್ಲ.

ಈಗ ಹಾರಿಸಲು ಮನಸ್ಸೇ ಬರುತ್ತಿಲ್ಲ ನೋಡಿ. ಹಾರಿಸುವ ಹುಚ್ಚಿದ್ದವರು ರೆಡಿಮೇಡ್ ಫೋಮ್ ವಿಮಾನ ತಂದು ಅದೇ ದಿನ ಮೈದಾನಕ್ಕೆ ಹೋಗುತ್ತಾರೆ. ನನ್ನದು ಕಟ್ಟುವ ಹುಚ್ಚೇ ಇರಬೇಕು, ಅಲ್ವಾ?

ಆದರೂ ಭಾನುವಾರ ಗಾಳಿ ಕಡಿಮೆ ಇದ್ದರೆ ಬೆಳಿಗ್ಗೆಯೇ ಹೊರಡುತ್ತೇನೆ. ಬರುವವರು ತಿಳಿಸಿ.