ಲುಯಿಜಿಯ ಚಾನ್ಸ್

ಜುಲೈ ಮಳೆ ಹಿಡಿದರೆ ಸಾಗರದ ನಮ್ಮ ಮನೆಯಲ್ಲಿ ಕರೆಂಟ್ ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಜಾಸ್ತಿ. ಕಳೆದ ವರ್ಷ ಊರಿಗೆ ಹೋದಾಗಲೂ ಹಾಗೇ ಆಯ್ತು. ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲೆ. ಅಮ್ಮ ಮೇಣದಬತ್ತಿ ಹುಡುಕು ಅಂದರು. ಹಳೇ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿದೆ. ಮೇಣದಬತ್ತಿ ಸಿಗಲಿಲ್ಲ. ಒಂದು ತಗಡಿನ ಬಿಸ್ಕತ್ ಡಬ್ಬಿ ಸಿಕ್ಕಿತು. ಅದರೊಳಗೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನನ್ನ ಗೇಮ್ ಬಾಯ್ ಕಲರ್, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್.

ನೇರಳೆ ಬಣ್ಣದ, ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್. ಹಿಂದೆ ಇನ್ನೂ ಸಿಕ್ಕಿಸಿಕೊಂಡೇ ಇದ್ದ ಕ್ಯಾಸೆಟ್. ನಾವು ಕಾರ್ಟ್ರಿಡ್ಜ್ ಅಂತ ಯಾವತ್ತೂ ಅಂದವರಲ್ಲ, ನಮಗದು ಕ್ಯಾಸೆಟ್ಟೇ. 'ಸೂಪರ್ ಮಾರಿಯೋ ಬ್ರದರ್ಸ್ ಡಿಲಕ್ಸ್.' 2000ದಲ್ಲಿ ಅಮೆರಿಕದಿಂದ ಬಂದ ಸೋದರಮಾವ ನನಗೆ ತಂದುಕೊಟ್ಟಿದ್ದು. ಅಣ್ಣನಿಗೆ ಬೂಟು, ನನಗೆ ಇದು.

ಹಿಂದಿನ ಮುಚ್ಚಳ ತೆಗೆಯಲು ಭಯವಾಯ್ತು. ಇಷ್ಟು ವರ್ಷ ಶೆಲ್ ಒಳಗೇ ಇದ್ದರೆ ಸೋರಿ ತಗಡನ್ನೆಲ್ಲ ತಿಂದುಹಾಕಿರುತ್ತದೆ. ತೆಗೆದರೆ ಒಳಗೆ ಖಾಲಿ, ತಗಡು ಹೊಳೆಯುತ್ತಿತ್ತು. "ಗಡಿಯಾರ ನಿಂತಿತ್ತು, ಅದರ ಶೆಲ್ ತೆಗೆದು ಹಾಕಿದ್ದೆ" ಅಂದರು ಅಮ್ಮ. ಯಾವತ್ತು ಅಂತ ಅವರಿಗೂ ನೆನಪಿಲ್ಲ. ಆ ಗಡಿಯಾರದಿಂದಾಗಿ ನನ್ನ ಗೇಮ್ ಬಾಯ್ ಉಳಿದಿತ್ತು.

ಅಣ್ಣನ ಮಗಳಿಗೆ ಒಂಬತ್ತು ವರ್ಷ. ಕೊಡೆ ಹಿಡಿದು ಅಂಗಡಿಗೆ ಓಡಿ ಎರಡು ಪೆನ್ಸಿಲ್ ಶೆಲ್ ತಂದಳು. ಹಾಕಿ ಗುಂಡಿ ಸರಿಸಿದೆ. ಪರದೆಯ ಪಕ್ಕ ಪುಟ್ಟ ಕೆಂಪು ದೀಪ ಹತ್ತಿತು. ಆಮೇಲೆ ಆ ರಾಗ. ಮಾರಿಯೋ ಆಟಕ್ಕೆ ಕೋಜಿ ಕೊಂಡೊ 1985ರಲ್ಲಿ ಕಟ್ಟಿದ ಆ ರಾಗ ಒಂದು ಸಣ್ಣ ಸ್ಪೀಕರಿನಿಂದ, ಮಳೆಯ ಸದ್ದಿನ ನಡುವೆ ಬಂದಾಗ ನನಗೆ ಕಣ್ಣು ತುಂಬಿತು.

ಕೂಡಲೇ ಒಂದು ಬೇಸರವೂ ಕಾದಿತ್ತು. ಸೇವ್ ಮಾಡಿಟ್ಟಿದ್ದೆಲ್ಲ ಹೋಗಿತ್ತು. ಈ ಕ್ಯಾಸೆಟ್ಟಿನೊಳಗೆ ಕಾಸಿನಂಥ ಒಂದು ಬ್ಯಾಟರಿ ಇರುತ್ತದೆ. ನಾವು ಆಡಿದ್ದನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲಾದ ಮೇಲೆ ಅದು ಸತ್ತಿತ್ತು. ಆಟ ಆಡಬಹುದು, ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಒಂದೊಂದು ಸ್ಟೇಜಿನಲ್ಲೂ ಬಚ್ಚಿಟ್ಟ ಐದು ಕೆಂಪು ನಾಣ್ಯ ಹುಡುಕಿದ್ದು, ಬೂ ಅನ್ನುವ ದೆವ್ವದ ಜೊತೆ ಓಡಿ ಗೆದ್ದಿದ್ದು, 3 ಲಕ್ಷ ಪಾಯಿಂಟ್ ದಾಟಿ ತೆರೆದುಕೊಂಡಿದ್ದ ಆ ಇನ್ನೂ ಕಷ್ಟದ ಆಟ, ಯಾವುದೂ ಇಲ್ಲ. ಆ ಕಷ್ಟದ ಆಟ 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಮಾರಿಯೋ. ಅದನ್ನು ತೆರೆಯಲು ನನಗೆ ಒಂದು ಬೇಸಿಗೆ ರಜೆ ಪೂರ್ತಿ ಹಿಡಿದಿತ್ತು.

"ಹಾಗಾದ್ರೆ ಒಂದೇ ಸಲಕ್ಕೆ ಮುಗಿಸ್ಬೇಕಾ ಅತ್ತೆ?" ಅಂದಳು ಅಣ್ಣನ ಮಗಳು.

ಹೌದು. ನಾವು ಮೊದಲು ಆಡಿದ್ದೂ ಹಾಗೇ ಅಲ್ವಾ.

1995ರ ಸುಮಾರಿಗೆ ನಮ್ಮ ಮನೆಗೆ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಬಂತು. ಆ ಕಾಲದಲ್ಲಿ ಎಲ್ಲ ಊರಿನ ಅಂಗಡಿಗಳಲ್ಲೂ ಸಿಗುತ್ತಿದ್ದ, ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನುವ ಗೇಮ್ ನೋಡಿ ಮಾಡಿದ ನಕಲು ಪೆಟ್ಟಿಗೆ. ನಿಂಟೆಂಡೊ ಅನ್ನುವ ಹೆಸರೇ ಆಗ ನಮಗೆ ಗೊತ್ತಿರಲಿಲ್ಲ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಅನ್ನುವವರು ಈ ಆಟ ಕಟ್ಟಿದರು ಅಂತ ತಿಳಿದದ್ದು ತುಂಬ ಆಮೇಲೆ. ನಮಗೆ ಅದು ಬರೀ 'ಮಾರಿಯೋ'. ಗೂಂಬಾ, ಕೂಪಾ ಅನ್ನುವ ಹೆಸರೆಲ್ಲ ಇಲ್ಲ. ಅಣಬೆ, ಆಮೆ, ಸುತ್ತಿಗೆ ಎಸೆಯೋ ಆಮೆ, ಮೋಡದ ಮೇಲೆ ಕೂತವನು, ಕೊನೆಗೆ ಡ್ರ್ಯಾಗನ್. ಎಂಟು ಲೋಕ, ಲೋಕಕ್ಕೆ ನಾಲ್ಕು ಸ್ಟೇಜು, ಒಟ್ಟು 32. ಅಷ್ಟೂ ಬರೀ 40 ಕೆಬಿಯಲ್ಲಿ ಹಿಡಿಸಿದ್ದರಂತೆ. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇಬ್ಬರ ಆಟ ಅಂದರೆ ಅದರಲ್ಲಿ ಇಬ್ಬರೂ ಒಟ್ಟಿಗೆ ಆಡುವುದಿಲ್ಲ. ಮಾರಿಯೋ ಔಟಾದ ಮೇಲೆ ಅವನ ತಮ್ಮ ಲುಯಿಜಿಯ ಚಾನ್ಸ್. ಅಣ್ಣ ದೊಡ್ಡವನು, ಅವನು ಮಾರಿಯೋ. ನಾನು ಲುಯಿಜಿ. ಅಣ್ಣ ಚೆನ್ನಾಗಿ ಆಡುತ್ತಿದ್ದ. ಅವನು ಔಟಾಗುವಷ್ಟರಲ್ಲಿ ಎಷ್ಟೋ ಸಲ ಅಮ್ಮ ಊಟಕ್ಕೆ ಕರೆಯುತ್ತಿದ್ದರು, ಇಲ್ಲವೇ ಕರೆಂಟ್ ಹೋಗುತ್ತಿತ್ತು. ಕರೆಂಟ್ ಹೋದರೆ ಮುಗಿಯಿತು, ಮತ್ತೆ 1-1ರಿಂದಲೇ, ಅಂದರೆ ಮೊದಲ ಲೋಕದ ಮೊದಲ ಸ್ಟೇಜಿನಿಂದಲೇ ಶುರು. ಆಟದಲ್ಲಿ ಸೋತ ಮೇಲೆ ಎ ಗುಂಡಿ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸೋತ ಲೋಕದಿಂದಲೇ ಶುರುವಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಗೊತ್ತಾದ ದಿನವೇ ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಾಗಾಗಿ ನಾನು ಮಾರಿಯೋ ಆಡಿದ್ದು ಕಡಿಮೆ, ನೋಡಿದ್ದು ಜಾಸ್ತಿ. ನೋಡಿ ನೋಡಿ ಪ್ರತಿ ಹೊಂಡ, ಪ್ರತಿ ಇಟ್ಟಿಗೆ ಬಾಯಿಪಾಠವಾಗಿತ್ತು. 1-1ರ ಮೊದಲ ಹೊಂಡಕ್ಕೆ ಮುಂಚೆ, ಏನೂ ಇಲ್ಲದ ಜಾಗದಲ್ಲಿ ಹಾರಿದರೆ ಕಾಣದ ಇಟ್ಟಿಗೆಗೆ ತಲೆ ತಾಗಿ ಒಂದು ಲೈಫ್ ಕೊಡುವ ಹಸಿರು ಅಣಬೆ ಬರುತ್ತದೆ. 3-1ರ ಕೊನೆಯ ಮೆಟ್ಟಿಲ ಮೇಲೆ ಆಮೆಯ ಚಿಪ್ಪನ್ನು ಮೆಟ್ಟುತ್ತಲೇ ಇದ್ದರೆ ಲೈಫ್ ಏರುತ್ತಲೇ ಹೋಗುತ್ತದೆ. ಅಣ್ಣನ ಪಕ್ಕ ಕೂತು ಹೇಳಿಕೊಡುವುದು ನನ್ನ ಕೆಲಸ. "ಈಗ ಹಾರು, ಈಗ ಬೇಡ, ಈಗ ಬಗ್ಗು."

ಡಿಲಕ್ಸ್ ಬಂದಾಗ ನನಗೆ ಅಷ್ಟು ಖುಷಿಯಾಗಿದ್ದಕ್ಕೆ ಅದೇ ಕಾರಣ. ಅದರ ಮ್ಯಾಪಿನಲ್ಲಿ ಸೆಲೆಕ್ಟ್ ಗುಂಡಿ ಒತ್ತಿದರೆ ಮಾರಿಯೋ ಹೋಗಿ ಲುಯಿಜಿ ಬರುತ್ತಾನೆ. ಯಾರೂ ಔಟಾಗುವುದನ್ನು ಕಾಯಬೇಕಿಲ್ಲ. ಪೂರ್ತಿ ಆಟ ಲುಯಿಜಿಯದೇ. ಹದಿಮೂರು ವರ್ಷದ ನಾನು ಅದನ್ನು ಕಂಡುಕೊಂಡ ದಿನ ಕೋಣೆಯ ಬಾಗಿಲು ಹಾಕಿಕೊಂಡು ಆಡಿದ್ದೆ.

ಕಳೆದ ಜುಲೈನಲ್ಲೂ ಮೊದಲು ಒತ್ತಿದ್ದು ಸೆಲೆಕ್ಟನ್ನೇ.

ಈ ಸಣ್ಣ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. 1999ರಲ್ಲಿ ಇದನ್ನು ಮಾಡಿದವರು ಟಿವಿಯ ಚಿತ್ರವನ್ನು ಕುಗ್ಗಿಸಿ ಹಿಡಿಸಲಿಲ್ಲ. ಮಾರಿಯೋ, ಇಟ್ಟಿಗೆ, ಆಮೆ ಎಲ್ಲ ಮೊದಲಿನ ಅಳತೆಯಲ್ಲೇ ಇವೆ. ಸುತ್ತಲಿನ ಜಾಗವನ್ನು ಕತ್ತರಿಸಿದ್ದಾರೆ. ಟಿವಿಯಲ್ಲಿ ಅಡ್ಡಕ್ಕೆ 16 ಇಟ್ಟಿಗೆಯಷ್ಟು ಜಾಗ ಕಾಣುತ್ತಿತ್ತು. ಗೇಮ್ ಬಾಯ್ ಕಲರಿನ ಪರದೆ 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ. ಒಂದು ಇಟ್ಟಿಗೆಗೆ 16 ಚುಕ್ಕಿ. ಅಂದರೆ ಅಡ್ಡಕ್ಕೆ 10 ಇಟ್ಟಿಗೆ, ಉದ್ದಕ್ಕೆ 9, ಅಷ್ಟೇ. ಬೆಂಕಿಪೆಟ್ಟಿಗೆಯಷ್ಟು ಕಿಟಕಿ. ಪೂರ್ತಿ ವೇಗದಲ್ಲಿ ಓಡುವ ಮಾರಿಯೋ ಸೆಕೆಂಡಿಗೆ ಸುಮಾರು 9 ಇಟ್ಟಿಗೆ ದೂರ ಹೋಗುತ್ತಾನೆ. ಹೊಂಡ ಕಣ್ಣಿಗೆ ಬಿದ್ದು ನಾವು ಅದರೊಳಗೆ ಬೀಳುವುದಕ್ಕೆ ಸಿಗುವುದು ಅರ್ಧ ಸೆಕೆಂಡೋ ಏನೋ. ಹೊಸದಾಗಿ ಆಡುವವರಿಗೆ ಇದು ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ. ಎತ್ತರದ ಅಣಬೆಗಳ ಮೇಲೆ ನಡೆಯುವ 4-3ರಲ್ಲಂತೂ ಕೆಳಗೆ ಇಳಿಯಲು ಜಾಗ ಇದೆಯೋ ಇಲ್ಲವೋ ಕಾಣುವುದೇ ಇಲ್ಲ. ಮೇಲೆ ಕೆಳಗೆ ಗುಂಡಿ ಒತ್ತಿ ಕಿಟಕಿಯನ್ನು ಸ್ವಲ್ಪ ಸರಿಸಬಹುದು. ಓಡುವಾಗ ಅದಕ್ಕೆಲ್ಲ ಪುರುಸೊತ್ತಿಲ್ಲ.

"ಮುಂದೆ ಏನಿದೆ ಅಂತ ಕಾಣ್ದೇ ಹೆಂಗೆ ಹಾರ್ತೀರಿ?" ಅಂತ ಅಣ್ಣನ ಮಗಳು ಕೇಳಿದಳು.

ನಾನು ಹಾರುತ್ತಿದ್ದೆ. ಪರದೆಯ ಆಚೆ ಏನಿದೆ ಅಂತ ನನಗೆ ಗೊತ್ತಿತ್ತು. ನನ್ನ ಕಣ್ಣಿನಲ್ಲಿ ಇನ್ನೂ ಆ 16 ಇಟ್ಟಿಗೆಯ ಟಿವಿಯೇ ಇತ್ತು. ಬಲಕ್ಕೆ ಇನ್ನೂ ಬಾರದ ಪೈಪು, ಮೇಲೆ ಕಾಣದ ಮೋಡ, ಆ ಮೋಡದ ಮೇಲೆ ಕೂತವನು, ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅಣ್ಣನ ಪಕ್ಕ ಕೂತು ನೋಡುತ್ತಾ ಕಳೆದ ಅಷ್ಟೂ ಮಧ್ಯಾಹ್ನಗಳು ಈ ಕಿಟಕಿಯ ಸುತ್ತ ಗೋಡೆಯಾಗಿ ನಿಂತಿದ್ದವು. ನನ್ನ ಚಾನ್ಸಿಗೆ ಕಾದದ್ದು ಸುಮ್ನೆ ಹೋಯಿತು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದು ಹೋಗಿರಲಿಲ್ಲ.

ಬೆರಳು ಮಾತ್ರ ಮೊದಲಿನಂತಿಲ್ಲ. ನೀರಿನ ಸ್ಟೇಜು 2-2ರಲ್ಲಿ ಎರಡು ಲೈಫ್ ಹೋಯಿತು. 3-1ರ ಮೆಟ್ಟಿಲಲ್ಲಿ ಆಮೆಯ ಮೇಲೆ ಕುಣಿದು ಹನ್ನೆರಡು ಲೈಫ್ ಸೇರಿಸಿಕೊಂಡೆ. ನಾಲ್ಕನೇ ಲೋಕಕ್ಕೆ ನೇರ ಹೋಗುವ ದಾರಿ 1-2ರಲ್ಲೇ ಇದೆ, ಅಲ್ಲಿಂದ 4-2ಕ್ಕೆ ಹೋದರೆ ಎಂಟನೇ ಲೋಕಕ್ಕೂ ದಾರಿ. ನಾನು ಎರಡನ್ನೂ ಬಿಟ್ಟೆ. ಪ್ರತಿ ಸ್ಟೇಜನ್ನೂ ನೋಡಬೇಕಿತ್ತು ನನಗೆ.

ಏಳನೇ ಲೋಕಕ್ಕೆ ಬರುವಷ್ಟರಲ್ಲಿ ಕಿಟಕಿಯ ಬೆಳಕು ಪೂರ್ತಿ ಹೋಗಿತ್ತು. ಈ ಗೇಮ್ ಬಾಯಿಯ ಪರದೆಗೆ ತನ್ನದೇ ಬೆಳಕಿಲ್ಲ. ಹೊರಗಿನ ಬೆಳಕು ಬಿದ್ದರಷ್ಟೇ ಚಿತ್ರ. ಆಟ ಪಾಜ್ ಮಾಡಿ ಚಾವಡಿಗೆ ಬಂದೆ, ಅಲ್ಲೂ ಸಾಲಲಿಲ್ಲ. ಆಗ ಅಣ್ಣ ಬಂದ. ತಲೆ ಒರೆಸಿಕೊಳ್ಳುತ್ತಾ ನಿಂತವನು ರಾಗ ಕೇಳಿ ತಿರುಗಿದ.

"ಎಷ್ಟನೇ ಸ್ಟೇಜು?"

"7-4."

ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಟಾರ್ಚ್ ತಂದ. ನನ್ನ ಹಿಂದೆ ಕುರ್ಚಿ ಹಾಕಿ ಕೂತು ಹೆಗಲ ಮೇಲಿಂದ ಬೆಳಕು ಬಿಟ್ಟ. ಬೆಳಕು ನೇರ ಬಿದ್ದರೆ ಪರದೆ ಕುಕ್ಕುತ್ತದೆ, ಓರೆಯಾಗಿ ಬೀಳಬೇಕು. ಆ ಓರೆ ಸಿಕ್ಕಾಗ ನನಗೆ ಕಾಣುತ್ತಿತ್ತು, ಅವನಿಗೆ ಏನೂ ಕಾಣುತ್ತಿರಲಿಲ್ಲ. ಟಿವಿಯ ಮುಂದೆ ಬೀದಿಯ ಮಕ್ಕಳೆಲ್ಲ ಕೂತು ನೋಡಬಹುದಿತ್ತು. ಇದು ಒಬ್ಬರಿಗಷ್ಟೇ ಕಾಣುವ ಆಟ.

ಆದರೂ ಅವನು ಆಡಿಸತೊಡಗಿದ. ಬರೀ ಸದ್ದು ಕೇಳಿ. 7-4ರ ಕೋಟೆಯಲ್ಲಿ ಸರಿಯಾದ ದಾರಿ ಹಿಡಿಯದಿದ್ದರೆ ಅದೇ ಜಾಗ ಮತ್ತೆ ಮತ್ತೆ ಬರುತ್ತದೆ. "ಕೆಳಗೆ, ಈಗ ಮೇಲೆ, ಮತ್ತೆ ಕೆಳಗೆ" ಅಂತ ಹೇಳುತ್ತಾ ಹೋದ. ಎರಡು ಸಲ ತಪ್ಪಿತು, ಮೂರನೇ ಸಲ ದಾಟಿದೆವು. 8-1ರ ಉದ್ದ ಓಟದಲ್ಲಿ ಒಂದೇ ಇಟ್ಟಿಗೆ ಅಗಲದ ಕಂಬದ ಮೇಲೆ ಇಳಿಯುವ ಜಾಗ ಬಂದಾಗ "ನಿಲ್ಬೇಡ, ಹಾರು ಮಾರಾಯ್ತಿ!" ಅಂತ ಕೂಗಿದ. ಅಮ್ಮ ಅಡಿಗೆಮನೆಯಿಂದ ಏನಾಯ್ತು ಅಂತ ಓಡಿ ಬಂದರು. ನಾನು ಕಂಬದ ಮೇಲೆ ಇಳಿದಿದ್ದೆ.

ಎಂಟನೇ ಲೋಕದಲ್ಲಿ ನಡುವೆ ಎಲ್ಲೂ ತಂಗುವ ಜಾಗವಿಲ್ಲ. ಔಟಾದರೆ ಆ ಸ್ಟೇಜಿನ ಮೊದಲಿನಿಂದ. 8-3ರಲ್ಲಿ ಸುತ್ತಿಗೆ ಎಸೆಯೋ ಆಮೆಗಳು ಐದು ಲೈಫ್ ತಿಂದವು. 8-4ಕ್ಕೆ ಕಾಲಿಟ್ಟಾಗ ನನ್ನ ಹತ್ತಿರ ಉಳಿದಿದ್ದು ಎರಡು.

ಅಲ್ಲಿ ಒಂದು ಕಡೆ ಪೈಪು ನೆಲದ ಮೇಲಿಲ್ಲ, ಗಾಳಿಯಲ್ಲಿ ನಿಂತಿದೆ. ಅದಕ್ಕೆ ಹತ್ತಲು ಕೆಳಗೆ ಎಲ್ಲೋ ಕಾಣದ ಇಟ್ಟಿಗೆ ಇದೆ. ಎಲ್ಲಿ ಹಾರಿದರೆ ಸಿಗುತ್ತದೆ ಅನ್ನುವುದು ನನಗೆ ಮರೆತಿತ್ತು. ಇಡೀ ಆಟದಲ್ಲಿ ಅದೊಂದೇ. ಕೈ ಬೆವೆತಿತ್ತು. "ಪೈಪಿನ ಎಡಕ್ಕೆ ನಿಂತು ಸುಮ್ನೆ ಹಾರ್ತಾ ಇರು" ಅಂದ ಅಣ್ಣ, ಮೆಲ್ಲಗೆ. ಮೂರನೇ ಸಲಕ್ಕೆ ತಲೆ ತಾಗಿ ನಾಣ್ಯದ ಸದ್ದು ಬಂತು. ಅವನ ಕೈಯಲ್ಲಿ ಟಾರ್ಚ್ ಅಲುಗಿತು.

ಪೈಪಿಗೆ ಇಳಿದೆ. ಈ ಆಟದಲ್ಲಿ ಪೈಪಿಗೆ ಇಳಿಯುವ ಸದ್ದೂ, ಏಟು ತಿಂದು ಚಿಕ್ಕವನಾಗುವ ಸದ್ದೂ ಒಂದೇ.

"ಇಳಿದ್ಯಾ, ಏಟು ಬಿತ್ತಾ?"

"ಇಳಿದೆ ಅಣ್ಣ."

ನೀರು ದಾಟಿದೆ. ತಿರುಗುವ ಬೆಂಕಿಯ ಕೋಲುಗಳನ್ನು ದಾಟಿದೆ. ಕೊನೆಯ ಸುತ್ತಿಗೆ ಆಮೆಯ ಕೆಳಗೆ ನುಗ್ಗಿ ಓಡಿದೆ. ಮತ್ತೆ ಅದೇ ಸದ್ದು. ಈ ಸಲ ಅಣ್ಣ ಕೇಳಲಿಲ್ಲ, ಇಲ್ಲಿ ಪೈಪು ಇಲ್ಲ ಅಂತ ಅವನಿಗೆ ಗೊತ್ತು. ಲುಯಿಜಿ ಚಿಕ್ಕವನಾಗಿದ್ದ. ಮುಂದೆ ಡ್ರ್ಯಾಗನ್, ಬೆಂಕಿಯನ್ನೂ ಸುತ್ತಿಗೆಗಳನ್ನೂ ಒಟ್ಟಿಗೆ ಎಸೆಯುತ್ತಿತ್ತು. ಅದು ಮೇಲೆ ಹಾರುವ ತನಕ ಕಾದೆ. ಹಾರಿತು. ಕೆಳಗಿನಿಂದ ನುಸುಳಿ ಕೊಡಲಿ ಮುಟ್ಟಿದೆ. ಸೇತುವೆಯ ಇಟ್ಟಿಗೆ ಒಂದೊಂದಾಗಿ ಕಳಚಿಕೊಂಡಿತು.

ಅಣ್ಣ ಟಾರ್ಚ್ ಇಳಿಸಿದ. ಪರದೆ ಕತ್ತಲಾಯ್ತು, ರಾಗ ಮಾತ್ರ ಕೇಳುತ್ತಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು ಒಂದು ಸಲ ಒತ್ತಿದ. ಕೆಂಪು ದೀಪ ಹತ್ತಿಯೇ ಇತ್ತು.

"ಆಫ್ ಮಾಡ್ಬೇಡಿ ಅತ್ತೆ, ನನಗೆ ಕೊಡಿ."

ಕೊಟ್ಟೆ. ಅವಳು ಕುರ್ಚಿ ಹತ್ತಿ ಕಾಲು ಮಡಚಿ ಕೂತಳು. ಅಣ್ಣನ ಕೈಯಿಂದ ಟಾರ್ಚ್ ನಾನು ತಗೊಂಡೆ, ಓರೆ ಮಾಡಿ ಹಿಡಿದೆ.

"ನಾನು ಮಾರಿಯೋನಾ, ಲುಯಿಜಿನಾ?"

"ನೀನೇ ಆರಿಸ್ಕೋ ಪುಟ್ಟಿ. ಮಧ್ಯದಲ್ಲಿರೋ ಗುಂಡಿ ನೋಡು, ಅದನ್ನ ಒತ್ತು."