ಕತ್ತಲಲ್ಲಿ ಕುಳಿತು ಓದಿದ ನಮ್ಮದೇ ಸಂದೇಶ

ವಿದೇಶದ ವಿದ್ಯುತ್ ವಿತರಣಾ ಸಂಸ್ಥೆಯೊಂದರ ಕಂಟ್ರೋಲ್ ರೂಮಿನಲ್ಲಿ ನಾನು 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಡಾವಣೆಗಳಿಗೆ ಕರೆಂಟ್ ಒಯ್ಯುವ ಯಾವ ಫೀಡರ್ ಲೈನ್ ಟ್ರಿಪ್ ಆಗಿ ನಿಂತಿದೆ, ಯಾವ ತಂಡವನ್ನು ಎಲ್ಲಿಗೆ ಕಳುಹಿಸಬೇಕು, ಯಾವ ಸ್ವಿಚ್ಚನ್ನು ತೆಗೆದು ಯಾವುದನ್ನು ಹಾಕಿದರೆ ಹೆಚ್ಚು ಮನೆಗಳಿಗೆ ಬೇಗ ಕರೆಂಟ್ ಕೊಡಬಹುದು ಎಂದು ನಿರ್ಧರಿಸುವುದು ನನ್ನ ಹೊಣೆ. ಇದರ ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗಿದೆ. ಕರೆಂಟ್ ಹೋದ ಪ್ರದೇಶದ ಗ್ರಾಹಕರ ಮೊಬೈಲಿಗೆ ಹೋಗುವ ಸಂದೇಶದಲ್ಲಿ, ಪೂರೈಕೆ ಎಷ್ಟು ಗಂಟೆಗೆ ಮರಳಬಹುದೆಂಬ ಅಂದಾಜನ್ನು ನಾವೇ ತುಂಬಬೇಕು. ಕಳೆದ ಚಳಿಗಾಲದ ಒಂದು ಸಂಜೆಯವರೆಗೂ ಅದನ್ನು ನಾನು ಸಣ್ಣ ಕೆಲಸವೆಂದೇ ಭಾವಿಸಿದ್ದೆ.

ಅಂದು ನನಗೆ ರಜೆಯಿತ್ತು. ಸಂಜೆ 6.30ರ ಹೊತ್ತಿಗೆ ಮನೆಯ ಕರೆಂಟ್ ಹೋಯಿತು. ಕಿಟಕಿಯಿಂದ ನೋಡಿದರೆ ರಸ್ತೆಯ ನಮ್ಮ ಬದಿಯೆಲ್ಲ ಕತ್ತಲಾಗಿತ್ತು, ಎದುರು ಬದಿಯಲ್ಲಿ ದೀಪಗಳು ಉರಿಯುತ್ತಿದ್ದವು. ಕಂಬದ ಮೇಲಿನ ತಂತಿಯಾಗಿದ್ದರೆ, ಕೊಂಬೆ ತಾಗಿದಂತಹ ದೋಷ ತಾನಾಗಿಯೇ ಕಳೆಯಬಹುದಾದ್ದರಿಂದ, ರಿಕ್ಲೋಸರ್ ಎಂಬ ಸ್ವಯಂಚಾಲಿತ ಸ್ವಿಚ್ಚು ಕೆಲವೇ ಸೆಕೆಂಡುಗಳಲ್ಲಿ ಲೈನನ್ನು ಮತ್ತೆ ಚಾಲೂ ಮಾಡಿ ನೋಡುತ್ತದೆ. ಆದರೆ ನಮ್ಮ ಬಡಾವಣೆಯಲ್ಲಿರುವುದು ನೆಲದಡಿಯ ಕೇಬಲ್. ಅದರ ಹೊದಿಕೆ ಒಮ್ಮೆ ಸುಟ್ಟುಹೋದರೆ ಅಗೆದು ಕೂಡಿಸುವವರೆಗೆ ಆ ತುಂಡು ಸತ್ತಂತೆಯೇ. ಐದು ನಿಮಿಷವಾದರೂ ಕರೆಂಟ್ ಬಾರದಿದ್ದಾಗ ಇದು ಬೇಗ ಮುಗಿಯುವುದಲ್ಲ ಎಂದು ನನಗೆ ಅರ್ಥವಾಯಿತು.

6.40ಕ್ಕೆ ಮೊಬೈಲಿಗೆ ಸಂದೇಶ ಬಂತು: ವಿದ್ಯುತ್ ಪೂರೈಕೆಯಲ್ಲಿ ಅಡಚಣೆಯಾಗಿದೆ, ಅಂದಾಜು ಮರುಪೂರೈಕೆ ರಾತ್ರಿ 8.30ಕ್ಕೆ. ಆ 8.30 ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ತಂಡ ಸ್ಥಳಕ್ಕೆ ತಲುಪುವ ಮೊದಲು, ಪೂರೈಕೆ ನಿಂತ ಸಮಯಕ್ಕೆ ಎರಡು ಗಂಟೆ ಕೂಡಿಸಿ ವ್ಯವಸ್ಥೆಯೇ ತುಂಬಿಕೊಳ್ಳುವ ಸಂಖ್ಯೆ ಅದು. ಎಷ್ಟೋ ಶಿಫ್ಟುಗಳಲ್ಲಿ ನಾನೂ ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ವೃದ್ಧೆ ಬಾಗಿಲು ತಟ್ಟಿದರು. ಎರಡು ವರ್ಷಗಳಿಂದ ನೆರೆಹೊರೆಯವರಾಗಿದ್ದರೂ ಮೆಟ್ಟಿಲ ಮೇಲೆ ಎದುರಾದಾಗ ತಲೆಯಾಡಿಸುವುದನ್ನು ಬಿಟ್ಟರೆ ನಮ್ಮ ನಡುವೆ ಹೆಚ್ಚಿನ ಮಾತುಕತೆ ಇರಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ನನ್ನ ಕಡೆಗೆ ಹಿಡಿದು, "ಎಂಟೂವರೆಗೆ ಖಂಡಿತ ಬರುತ್ತದೆಯಲ್ಲವೇ?" ಎಂದು ಕೇಳಿದರು. ಅವರ ಪತಿ ಆಕ್ಸಿಜನ್ ಕಾನ್ಸಂಟ್ರೇಟರ್ ನೆರವಿನಿಂದ ಉಸಿರಾಡುವವರು. ಆ ಯಂತ್ರ ನಿಂತಿತ್ತು, ಅವರನ್ನು ಸಿಲಿಂಡರಿಗೆ ಬದಲಾಯಿಸಲಾಗಿತ್ತು. ನಾನು ಅವರ ಮನೆಗೆ ಹೋಗಿ ಟಾರ್ಚಿನ ಬೆಳಕಿನಲ್ಲಿ ಸಿಲಿಂಡರಿನ ಮಾಪಕ ನೋಡಿದೆ. ತುಂಬಿದಾಗ ಸುಮಾರು 425 ಲೀಟರ್ ಹಿಡಿಯುವ ಆ ಸಣ್ಣ ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ತುಸುವೇ ಮೇಲಿತ್ತು. 230 ಲೀಟರ್ ಇದೆಯೆಂದು ಹಿಡಿದರೂ ನಿಮಿಷಕ್ಕೆ 2 ಲೀಟರಿನಂತೆ 115 ನಿಮಿಷ. ಆಗ ಗಂಟೆ 6.50 ಆಗಿತ್ತು. 8.30 ನಿಜವಾದರೆ ಸಾಕು, ಸುಳ್ಳಾದರೆ ಉಳಿಯುವುದು ಕಾಲು ಗಂಟೆ ಮಾತ್ರ.

ಆ ಸಮಯವನ್ನು ನಂಬಬೇಡಿ, ಸಿಲಿಂಡರ್ ಪೂರೈಸುವವರಿಗೆ ಈಗಲೇ ಫೋನ್ ಮಾಡಿ ಎಂದು ಹೇಳಿದೆ. ಇನ್ನೊಂದು ಸಿಲಿಂಡರ್ ಬಂದಾಗ 8 ಗಂಟೆ ದಾಟಿತ್ತು. ಅಷ್ಟು ಹೊತ್ತೂ ನಾನು ಅಲ್ಲಿಯೇ ಕುಳಿತಿದ್ದೆ. 8.25ಕ್ಕೆ ಬಂದ ಎರಡನೆಯ ಸಂದೇಶ ಸಮಯವನ್ನು 10.30 ಎಂದು ತಿದ್ದಿತು, 10.35ಕ್ಕೆ ಬಂದ ಮೂರನೆಯದು ಮಧ್ಯರಾತ್ರಿ ಎಂದಿತು. ಎರಡನೆಯ ಸಂದೇಶವನ್ನು ಓದಿದ ಆ ತಾಯಿ ಸಿಟ್ಟಿಲ್ಲದೆ ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಗೊತ್ತಿಲ್ಲ ಎಂದು ಅವರೇ ಹೇಳಿದ್ದರೆ ನಾನು ಆಗಲೇ ಫೋನ್ ಮಾಡುತ್ತಿದ್ದೆ."

ನಮ್ಮ ವೃತ್ತಿಯಲ್ಲಿರುವವರೆಲ್ಲ 2003ರ ಆಗಸ್ಟ್ 14ರ ಘಟನೆಯನ್ನು ಓದಿಕೊಂಡಿರುತ್ತಾರೆ. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಅಂದು ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಇಲ್ಲವಾಯಿತು. ಒಹಾಯೊದ ಒಂದು ಕಂಟ್ರೋಲ್ ರೂಮಿನಲ್ಲಿ ಎಚ್ಚರಿಕೆ ಕೊಡಬೇಕಾದ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತುಹೋಗಿ, ಅದು ನಿಂತಿದೆಯೆಂಬುದೇ ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿನವರ ಗಮನಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ 345 ಕಿಲೋವೋಲ್ಟ್ ಲೈನುಗಳು ಜೋತು, ಮರಗಳಿಗೆ ತಾಗಿ ಒಂದೊಂದಾಗಿ ಟ್ರಿಪ್ ಆಗುತ್ತಿದ್ದವು. ಹಳೆಯ ಮಾಹಿತಿಯನ್ನು ನಂಬಿ ಕುಳಿತ ಆಪರೇಟರ್ ಕುರುಡನಿಗೆ ಸಮ ಎಂದು ನಾನು ಹೊಸಬರಿಗೆ ಈ ಉದಾಹರಣೆ ಕೊಟ್ಟೇ ಪಾಠ ಹೇಳುತ್ತಿದ್ದೆ. ನಾವು ಕಳುಹಿಸುವ ಸಂದೇಶವನ್ನು ಹಿಡಿದು ಕತ್ತಲಲ್ಲಿ ಕುಳಿತ ಗ್ರಾಹಕನೂ ತನ್ನ ಮನೆಯ ಮಟ್ಟಿಗೆ ಒಬ್ಬ ಆಪರೇಟರನೇ, ಫ್ರಿಜ್ಜಿನಲ್ಲಿರುವ ಇನ್ಸುಲಿನ್, ಮಗುವಿನ ಹಾಲು, ಮೊಬೈಲಿನಲ್ಲಿ ಉಳಿದ ಚಾರ್ಜು, ಇವುಗಳ ಬಗ್ಗೆ ಅವನೂ ಆ ಸಂಖ್ಯೆಯನ್ನು ನಂಬಿಯೇ ನಿರ್ಧರಿಸುತ್ತಾನೆ ಎಂಬುದು ಮಾತ್ರ ನನಗೆ ಅದುವರೆಗೆ ಹೊಳೆದಿರಲಿಲ್ಲ. ಬಂಧುಬಳಗ ಹತ್ತಿರವಿಲ್ಲದ ನನ್ನಂತಹ ಪರದೇಶಿಗಳಿಗಂತೂ ಅನೇಕ ಸಲ ಆ ಒಂದು ಸಂದೇಶವೇ ಆಧಾರ.

ನಿಖರ ಸಮಯ ಹೇಳುವುದು ಕಷ್ಟವೆಂಬುದೂ ನಿಜವೇ. ಕೇಬಲ್ ದೋಷದಲ್ಲಿ ಮೊದಲು ರಿಂಗಿನ, ಅಂದರೆ ಎರಡು ಕಡೆಯಿಂದ ಕರೆಂಟ್ ಕೊಡಬಹುದಾದ ಕೇಬಲ್ ಸುತ್ತಿನ, ಎರಡೂ ತುದಿಗಳಿಂದ ಸ್ವಿಚಿಂಗ್ ಮಾಡಿ, ಚೆನ್ನಾಗಿರುವ ಭಾಗಗಳಿಗೆ ಕರೆಂಟ್ ಕೊಡಬೇಕು. ಉಳಿದ ತುಂಡಿಗೆ ಹೆಚ್ಚಿನ ವೋಲ್ಟೇಜಿನ ಹೊಡೆತಗಳನ್ನು ಬಿಟ್ಟು, ನೆಲದ ಮೇಲೆ ಮೈಕ್ರೊಫೋನ್ ಇಟ್ಟು, ಒಳಗಿನ 'ಧಪ್' ಸದ್ದು ಎಲ್ಲಿ ಜೋರಾಗಿದೆಯೆಂದು ಕೇಳುತ್ತ ಸಾಗಬೇಕು. ಆ ಸದ್ದು ಸಿಗುವ ಮೊದಲು ಕೊಡುವ ಯಾವ ಸಮಯವೂ ಊಹೆಯೇ. ನಮ್ಮ ಮನೆಗೆ ಕರೆಂಟ್ ಬಂದಾಗ ರಾತ್ರಿ 11.50.

ಮುಂದಿನ ಶಿಫ್ಟಿನಲ್ಲಿ ಈ ವಿಷಯವನ್ನು ಮೇಲಧಿಕಾರಿಗಳ ಮುಂದಿಟ್ಟೆ. ಸಮಯ ಹೇಳದಿದ್ದರೆ ಫೋನ್ ಕರೆಗಳು ಹೆಚ್ಚುತ್ತವೆ ಎಂಬ ಆಕ್ಷೇಪ ಬಂತು. ಮೊದಮೊದಲು ಕರೆಗಳು ಹೆಚ್ಚಾದದ್ದೂ ನಿಜ, ಆದರೆ ಅವು ನಮಗೆ ಬರಲೇಬೇಕಾಗಿದ್ದ ಕರೆಗಳು ಎಂದು ನಾನು ಬಲವಾಗಿ ನಂಬುತ್ತೇನೆ. ಈಗ ದೋಷದ ಜಾಗ ಸಿಗುವವರೆಗೆ ನಾವು ಗಂಟೆ ಬರೆಯುವುದಿಲ್ಲ. ಕೆಲಸ ಯಾವ ಹಂತದಲ್ಲಿದೆ, ಮುಂದಿನ ಸಂದೇಶ ಎಷ್ಟು ಹೊತ್ತಿಗೆ ಬರುತ್ತದೆ ಎಂಬೆರಡನ್ನು ತಿಳಿಸುತ್ತೇವೆ. ಮನೆಯಲ್ಲಿ ಉಸಿರಾಟದ ಯಂತ್ರ ಇರುವುದಾಗಿ ನೋಂದಾಯಿಸಿಕೊಂಡವರಿಗೆ ನಮ್ಮಲ್ಲೊಬ್ಬರು ಫೋನ್ ಮಾಡಿ ಮಾತನಾಡುತ್ತಾರೆ.

ಮೊನ್ನೆ ರಾತ್ರಿ ಪಾಳಿಯಲ್ಲಿ ಅಂತಹದೇ ಒಂದು ಕೇಬಲ್ ದೋಷ ಬಂತು. ಪರದೆಯಲ್ಲಿ ತಾನಾಗಿ ತುಂಬಿಕೊಂಡಿದ್ದ ಗಂಟೆಯನ್ನು ಅಳಿಸಿ, ದೋಷದ ಜಾಗ ಇನ್ನೂ ಸಿಕ್ಕಿಲ್ಲ, ಮುಂದಿನ ಮಾಹಿತಿ 2.15ಕ್ಕೆ ಎಂದು ಬರೆದೆ. 2.15ಕ್ಕೂ ಜಾಗ ಸಿಕ್ಕಿರಲಿಲ್ಲ, ಹಾಗೆಂದೇ ಮತ್ತೊಮ್ಮೆ ಬರೆದು ಕಳುಹಿಸಿದೆ.