ಪ್ರವಾಸದ ಕೊನೆಯ ದಿನ, ಶಾಂಘೈ

ಬೀಜಿಂಗ್, ಷಿಆನ್, ಚೆಂಗ್ಡು ಎಂದು ಮೂರು ವಾರ ಸುತ್ತಿ ಶಾಂಘೈಗೆ ಬಂದಿಳಿಯುವ ಹೊತ್ತಿಗೆ ಕಾಲು ಸೋತಿರುತ್ತದೆ, ಸೂಟ್‌ಕೇಸ್ ಉಬ್ಬಿರುತ್ತದೆ. ಹಾಗಾಗಿ ಬಹಳ ಜನ ಈ ಊರನ್ನು ವಿಮಾನ ಹತ್ತುವ ಜಾಗವೆಂದಷ್ಟೇ ನೋಡಿ ಹೊರಟುಬಿಡುತ್ತಾರೆ. ಅದು ನಿಜಕ್ಕೂ ನಷ್ಟ. ಒಂದು ಸಂಜೆ, ಒಂದು ಬೆಳಗ್ಗೆ ಕೈ ಬೀಸಿಕೊಂಡು ನಡೆದರೂ ಸಾಕು, ಶಾಂಘೈ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಕೈ ಬೀಸಿಕೊಂಡು ನಡೆಯಬೇಕಾದರೆ ಮೊದಲು ಕೈಯಲ್ಲಿರುವುದನ್ನು ಇಳಿಸಬೇಕು.

ವೇಗದ ರೈಲುಗಳು ಹೆಚ್ಚಾಗಿ ನಗರದ ಪಶ್ಚಿಮ ತುದಿಯ ಹಾಂಗ್‌ಚಿಯಾವೊ ನಿಲ್ದಾಣಕ್ಕೆ ಬರುತ್ತವೆ. ಬೀಜಿಂಗ್ ದಕ್ಷಿಣ ನಿಲ್ದಾಣದಿಂದ 1318 ಕಿ.ಮೀ., ನಾಲ್ಕೂವರೆ ಗಂಟೆ ಆಸುಪಾಸು. ಈ ನಿಲ್ದಾಣಕ್ಕೆ ಅಂಟಿಕೊಂಡೇ ಹಾಂಗ್‌ಚಿಯಾವೊ ವಿಮಾನ ನಿಲ್ದಾಣ ಇದೆ. ಗೊಂದಲ ಹುಟ್ಟುವುದು ಇಲ್ಲೇ. ಊರಿಗೆ ಮರಳುವ ವಿಮಾನ ಹೊರಡುವುದು ಪೂರ್ವದ ತುದಿಯ ಪುಡಾಂಗ್‌ನಿಂದ. ಟಿಕೆಟ್‌ನಲ್ಲಿ ಪಿವಿಜಿ ಎಂದಿದ್ದರೆ ಪುಡಾಂಗ್, ಎಸ್‌ಎಚ್‌ಎ ಎಂದಿದ್ದರೆ ಹಾಂಗ್‌ಚಿಯಾವೊ. ಎರಡರ ನಡುವೆ ಇಡೀ ನಗರವೇ ಅಡ್ಡ ಬಿದ್ದಿದೆ. 2024ರ ಡಿಸೆಂಬರ್‌ನಲ್ಲಿ ಶುರುವಾದ ವಿಮಾನ ನಿಲ್ದಾಣಗಳ ಸಂಪರ್ಕ ರೈಲು ಅಲ್ಲಿಂದ ಇಲ್ಲಿಗೆ ಸುಮಾರು 40 ನಿಮಿಷದಲ್ಲಿ ಮುಟ್ಟಿಸುತ್ತದೆ. ಮೆಟ್ರೋದಲ್ಲಿ ಒಂದೂವರೆ ಗಂಟೆಗೂ ಮೇಲೆ.

ಉಳಿಯುವ ಜಾಗವನ್ನು ಮೆಟ್ರೋ 2ನೇ ಮಾರ್ಗದ ಮೇಲೆಯೇ, ಪೀಪಲ್ಸ್ ಸ್ಕ್ವೇರ್ ಮತ್ತು ಪೂರ್ವ ನಾನ್‌ಜಿಂಗ್ ರಸ್ತೆ ನಿಲ್ದಾಣಗಳ ಅಕ್ಕಪಕ್ಕ ನೋಡಿಕೊಳ್ಳಿ. ಬಾಡಿಗೆ ಸ್ವಲ್ಪ ಜಾಸ್ತಿಯೇ ಆದರೂ ಹಾಂಗ್‌ಚಿಯಾವೊ, ನದಿ ದಂಡೆ, ಪುಡಾಂಗ್ ಮೂರನ್ನೂ ಈ ಒಂದು ಮಾರ್ಗ ಪೋಣಿಸುತ್ತದೆ, ಎಲ್ಲೂ ರೈಲು ಬದಲಿಸಬೇಕಿಲ್ಲ. ಪ್ರತಿ ನಿಲ್ದಾಣದಲ್ಲೂ ಚೀಲಗಳನ್ನು ಎಕ್ಸ್‌ರೇ ಯಂತ್ರಕ್ಕೆ ಎತ್ತಿ ಹಾಕಬೇಕು. 20 ಕಿಲೋ ಸೂಟ್‌ಕೇಸನ್ನು ಒಂದೇ ದಿನ ನಾಲ್ಕು ಸಲ ಎತ್ತಿ ಇಳಿಸುವ ಕಷ್ಟ ಮೂರನೇ ವಾರದಲ್ಲಿ ಬೆನ್ನಿಗೆ ಗೊತ್ತಾಗುತ್ತದೆ. ನೆನಪಿಗೆಂದು ಕೊಂಡ ಅಡುಗೆಮನೆಯ ಅಗಲ ಚಾಕು ಚೀಲದಲ್ಲಿದ್ದರೆ ರೈಲು ಹತ್ತುವ ಮೊದಲೇ ತಪಾಸಣೆಯಲ್ಲಿ ಅದು ಕೈಬಿಟ್ಟು ಹೋಗುತ್ತದೆ. ಅಂಥದ್ದನ್ನು ಕೊನೆಯ ಊರಿನಲ್ಲೇ ಕೊಂಡು, ಅಲ್ಲಿಂದ ಟ್ಯಾಕ್ಸಿಯಲ್ಲಿ ಹೋಗಿ, ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಹಾಕುವುದೇ ಸರಿ.

ಕೋಣೆ ಸೇರಿದ ಕೂಡಲೇ ಫೋನ್ ಚಾರ್ಜಿಗೆ ಹಾಕಿ. ಚೀನಾದಲ್ಲಿ ಫೋನ್ ಸತ್ತರೆ ಹಣವೂ ಇಲ್ಲ, ದಾರಿಯೂ ಇಲ್ಲ, ಮಾತೂ ಇಲ್ಲ. ಬೀದಿಯ ಪ್ರತಿ ಅಂಗಡಿಯಲ್ಲೂ ಬಾಡಿಗೆ ಪವರ್‌ಬ್ಯಾಂಕ್ ಪೆಟ್ಟಿಗೆ ಇರುತ್ತದೆ. ಕೊನೆಯ ದಿನ ಅದನ್ನು ತೆಗೆದುಕೊಂಡರೆ ಅದೇ ಕಂಪನಿಯ ಪೆಟ್ಟಿಗೆಗೆ ವಾಪಸ್ ಇಡುವುದನ್ನು ಮರೆಯಬಾರದು. ಮರೆತು ವಿಮಾನ ಹತ್ತಿದರೆ ಬಾಡಿಗೆ ಏರುತ್ತಾ ಹೋಗಿ ಪೂರ್ತಿ ಬೆಲೆ ಖಾತೆಯಿಂದ ಕಡಿತವಾಗುತ್ತದೆ. ಫೋನಿನಲ್ಲೇ ಹಣ ಕೊಡುವ ಅಲ್ಲಿಯ ಆ್ಯಪ್ ಅಲಿಪೇಗೆ ಜೋಡಿಸಿದ ವಿದೇಶಿ ಕಾರ್ಡಿನಲ್ಲಿ 200 ಯುವಾನ್ ಒಳಗಿನ ಪಾವತಿಗೆ ಶುಲ್ಕವಿಲ್ಲ, ದಾಟಿದರೆ ಶೇ. 3. ಭಾರತದ ಕಾರ್ಡುಗಳ ತೊಡಕು ಬೇರೆ: ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಟ್ಟಿರಬೇಕು, ಓಟಿಪಿ ಬರಲು ಊರಿನ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಬೇಕು. ಇಷ್ಟು ದಿನ ಓಡಿದ ಕಾರ್ಡು ಕೊನೆಗೆ ನಿಂತುಹೋಗುವುದಕ್ಕೆ ಸಾಮಾನ್ಯ ಕಾರಣ, ಪ್ರವಾಸಕ್ಕೆಂದು ಹಾಕಿಕೊಂಡ ಮಿತಿ ಮುಗಿದಿರುವುದು. ಎರಡನೇ ಕಾರ್ಡು ಜೋಡಿಸಿಟ್ಟಿದ್ದರೆ ಬೀದಿಯಲ್ಲಿ ನಿಂತು ಬೆವರಬೇಕಿಲ್ಲ.

ದಾರಿಗೆ ಗೂಗಲ್ ಮ್ಯಾಪ್ ನಂಬಬೇಡಿ. ಚೀನಾದ ನಕ್ಷೆಗಳು ಜಿಸಿಜೆ-02 ಎಂಬ ಬೇರೆಯೇ ಅಳತೆಯ ಮೇಲೆ ನಿಂತಿವೆ. ನೀವು ನಿಂತ ಜಾಗದ ಚುಕ್ಕಿ ನೂರಾರು ಮೀಟರ್ ಆಚೆ, ಎಷ್ಟೋ ಸಲ ನದಿಯ ನಡುವೆಯೇ ಕಾಣಿಸುತ್ತದೆ. ಚೀನಾದ್ದೇ ನಕ್ಷೆಯ ಆ್ಯಪ್ ಅಮ್ಯಾಪ್ ಹಾಕಿಕೊಂಡರೆ ಮೆಟ್ರೋದ ಯಾವ ದ್ವಾರದಿಂದ ಹೊರಬರಬೇಕು ಎಂಬುದೂ ಸಿಗುತ್ತದೆ.

ಇನ್ನು ಸಂಜೆ. ಸ್ಥಳೀಯರು ವಾಯ್‌ತಾನ್ ಎನ್ನುವ ಬಂಡ್, ಹುವಾಂಗ್‌ಪು ನದಿಯ ಪಶ್ಚಿಮ ದಂಡೆ. ಎದುರು ದಂಡೆಯಲ್ಲಿ 468 ಮೀಟರ್‌ನ ಓರಿಯೆಂಟಲ್ ಪರ್ಲ್ ಗೋಪುರ, 632 ಮೀಟರ್‌ನ ಶಾಂಘೈ ಟವರ್. ಸಂಜೆಯ ಬಿಸಿಲು ಆ ಗೋಪುರಗಳ ಗಾಜಿನ ಮೇಲೆ ಬೀಳುತ್ತದೆ, ಬೆಳಗಿನ ಬಿಸಿಲು ಈಚೆ ದಂಡೆಯ ಹಳೆಯ ಕಲ್ಲು ಕಟ್ಟಡಗಳ ಮುಖಕ್ಕೆ. ಆದ್ದರಿಂದ ಒಂದೇ ಜಾಗಕ್ಕೆ ಎರಡು ಸಲ ಹೋಗುವುದು ದಂಡವಲ್ಲ. ರಾತ್ರಿ ಹತ್ತರ ಹೊತ್ತಿಗೆ ದೀಪಗಳು ಆರುತ್ತವೆ. ಒಂಬತ್ತೂವರೆಗೆ ಊಟ ಮುಗಿಸಿ ನಿಧಾನವಾಗಿ ಬಂದವರಿಗೆ ಕತ್ತಲೆಯೇ ಗತಿ. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಂತೂ ಈ ಕಡೆ ಬರುವ ಯೋಚನೆಯನ್ನೇ ಬಿಡಿ. ಆಗ ಜನಜಂಗುಳಿ ತಡೆಯಲು ಪೂರ್ವ ನಾನ್‌ಜಿಂಗ್ ರಸ್ತೆಯಲ್ಲಿ ಸಂಜೆ ಮೆಟ್ರೋ ನಿಲ್ಲದೇ ಮುಂದೆ ಹೋಗುವುದೂ ಉಂಟು.

ದುಬಾರಿ ದೋಣಿ ವಿಹಾರದ ಬದಲು 2 ಯುವಾನ್ ಕೊಟ್ಟು ಊರಿನವರ ದೋಣಿ ಹತ್ತಿ. ಬಂಡ್‌ನ ದಕ್ಷಿಣ ಕೊನೆಯಿಂದ ಆಚೆಯ ದೋಂಗ್‌ಛಾಂಗ್ ರಸ್ತೆಯ ಕಡವಿಗೆ ಹತ್ತು ನಿಮಿಷದೊಳಗಿನ ದಾರಿ. ಗೇಟು ಸರಿದೊಡನೆ ಕೆಲಸ ಮುಗಿಸಿದವರು ಒಳನುಗ್ಗುತ್ತಾರೆ, ಕೈಯಲ್ಲಿ ಸೊಪ್ಪಿನ ಚೀಲ ತೂಗುತ್ತಿರುತ್ತದೆ. ಅವರಿಗೆ ಜಾಗ ಬಿಟ್ಟು ಕಂಬಿಯ ಪಕ್ಕ ನಿಂತುಕೊಳ್ಳಿ. ದೋಣಿ ದಡ ಬಿಟ್ಟಮೇಲೆ ಎರಡೂ ದಂಡೆಗಳು ಒಟ್ಟಿಗೇ ಕಾಣುವ ಆ ಕೆಲವು ನಿಮಿಷ, ಶಾಂಘೈಯಲ್ಲಿ ದುಡ್ಡು ಕೊಟ್ಟು ನೋಡುವ ನೋಟಗಳಲ್ಲೆಲ್ಲ ಇದೇ ಮಿಗಿಲು.

ನಾನ್‌ಜಿಂಗ್ ರಸ್ತೆಯಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಇಬ್ಬರು ಬಂದು ಫೋಟೋ ತೆಗೆದುಕೊಡಿ ಎಂದು ಕೇಳಿ, ಆಮೇಲೆ ಚಹಾ ಸವಿಯಲು ಕರೆದರೆ ಹೋಗಬೇಡಿ. ಚಿಕ್ಕ ಬಟ್ಟಲುಗಳಲ್ಲಿ ಆರೇಳು ಬಗೆ ರುಚಿ ತೋರಿಸಿ ಸಾವಿರಾರು ಯುವಾನ್ ಬಿಲ್ ಮುಂದಿಡುವ ಹಳೆಯ ಮೋಸ ಅದು.

ಮೂರು ವಾರ ಬಿಸ್ಕತ್ತು, ಬಾಳೆಹಣ್ಣಿನಲ್ಲಿ ಕಾಲ ಹಾಕಿದ ಸಸ್ಯಾಹಾರಿಗಳಿಗೆ ಈ ಊರು ತಂಪು. ಪಶ್ಚಿಮ ನಾನ್‌ಜಿಂಗ್ ರಸ್ತೆಯ ಗೋಂಗ್‌ದೆಲಿನ್ 1922ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲು. ಅದಕ್ಕಿಂತ ಸರಳವಾದದ್ದು ಬೇಕಿದ್ದರೆ ಜೇಡ್ ಬುದ್ಧ ದೇವಾಲಯದ ನೂಡಲ್ಸ್ ಮನೆ: ದೊಡ್ಡ ಬಟ್ಟಲು, ತಿಳಿ ಕಂದು ಸಾರು, ಮೇಲೆ ಎರಡು ಬಗೆಯ ಅಣಬೆ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುವುದರಿಂದ ನಮ್ಮಲ್ಲಿ ಅವನ್ನು ತಿನ್ನದವರೂ ನಿಶ್ಚಿಂತೆಯಿಂದ ಕೂರಬಹುದು. ಸಾಮಾನ್ಯ ಹೋಟೆಲಿನಲ್ಲಿ ಮಾತ್ರ “ವೊ ಛೀ ಸೂ”, ನಾನು ಸಸ್ಯಾಹಾರಿ, ಎಂದಷ್ಟೇ ಹೇಳಿದರೆ ಸಾಲದು. ಹುರಿದ ಹುರುಳಿಕಾಯಿಗೆ ಹಂದಿ ಖೀಮಾ ಉದುರಿಸುವುದು, ಸೊಪ್ಪಿಗೆ ಕೋಳಿ ಸಾರು ಹಾಕುವುದು ಅಲ್ಲಿ ರೂಢಿ. ಖೀಮಾ ಅವರ ಲೆಕ್ಕದಲ್ಲಿ ಒಗ್ಗರಣೆಯಿದ್ದಂತೆ. ಶಾಂಘೈಯ ಮನೆಮಾತಾದ ಈರುಳ್ಳಿ ಸೊಪ್ಪಿನ ಎಣ್ಣೆಯ ನೂಡಲ್ಸ್, ಚೋಂಗ್ ಯೌ ಬಾನ್ ಮ್ಯಾನ್, ಬಹಳ ರುಚಿ. ಆದರೆ ಒಣ ಸಿಗಡಿ, ಹಂದಿ ಕೊಬ್ಬು ಬೇಡವೆಂದು ಫೋನಿನ ಅನುವಾದದಲ್ಲಿ ಬರೆದು ತೋರಿಸಿಯೇ ಕೇಳಬೇಕು. ಮೊಸರನ್ನ ಇಲ್ಲದೆ ತಳಮಳಿಸುವವರು ಅಂಗಡಿಯ ಮೊಸರಿನಲ್ಲಿ ಸಕ್ಕರೆ ಇಲ್ಲದ್ದನ್ನು ಹುಡುಕಿ, ಹೆಚ್ಚಿನವು ಸಿಹಿಯೇ.

ಬೆಳಗ್ಗೆ ಕೋಣೆ ಬಿಟ್ಟು ಸಾಮಾನನ್ನು ಹೋಟೆಲಿನಲ್ಲೇ ಇರಿಸಿ. ಬಹುತೇಕ ಕಡೆ ದುಡ್ಡು ಕೇಳುವುದಿಲ್ಲ. ಬಂಡ್‌ನಲ್ಲಿ 1927ರ ಕಸ್ಟಮ್ಸ್ ಹೌಸ್ ಗಡಿಯಾರದ ಕೆಳಗೆ ಏಳು ಗಂಟೆಗೆ ತೈಚಿ ಮಾಡುವವರು, ಗಾಳಿಪಟದವರು ಬಿಟ್ಟರೆ ಜನ ಕಡಿಮೆ. ಆಮೇಲೆ ಚಿನಾರ್ ಜಾತಿಯ ಪ್ಲೇನ್ ಮರಗಳ ನೆರಳಿನ ವುಕಾಂಗ್ ರಸ್ತೆ. ಅದರ ಮೂಲೆಯಲ್ಲಿ ಹಡಗಿನ ಮೂತಿಯಂತೆ ಚಾಚಿಕೊಂಡ ವುಕಾಂಗ್ ಮಹಲು 1924ರದ್ದು. ರವೀಂದ್ರನಾಥ ಟಾಗೋರರು ಇದೇ ಊರಿಗೆ ಬಂದಿಳಿದದ್ದೂ ಅದೇ ವರ್ಷ.

ಪುಡಾಂಗ್‌ಗೆ ಹೊರಡುವ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಪೀಪಲ್ಸ್ ಸ್ಕ್ವೇರ್‌ನಿಂದ ಮೆಟ್ರೋ 7 ಯುವಾನ್, ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಲೋಂಗ್‌ಯಾಂಗ್ ರಸ್ತೆಯಲ್ಲಿ ಇಳಿದು, ಅಯಸ್ಕಾಂತದ ಬಲದಲ್ಲಿ ಹಳಿ ಮುಟ್ಟದೆ ಓಡುವ ಮ್ಯಾಗ್ಲೆವ್ ರೈಲು ಹಿಡಿದರೆ 30 ಕಿ.ಮೀ. ದೂರ ಎಂಟು ನಿಮಿಷ. 50 ಯುವಾನ್, ಅದೇ ದಿನದ ವಿಮಾನ ಟಿಕೆಟ್ ತೋರಿಸಿದರೆ 40. ಆದರೆ ಅಲ್ಲಿ ಹೊರಗೆ ಬಂದು, ಮತ್ತೆ ತಪಾಸಣೆ ಮುಗಿಸಿ ಮೇಲೆ ಹತ್ತಬೇಕು, ಹಾಗಾಗಿ ಉಳಿಯುವ ಸಮಯ ಅಷ್ಟೇನಿಲ್ಲ. ಆ ವೇಗದ ಆಸೆಗೆ ಹತ್ತಬೇಕು. ಮ್ಯಾಗ್ಲೆವ್ ರಾತ್ರಿ ಒಂಬತ್ತೂವರೆ ಆಸುಪಾಸಿಗೆ, ಮೆಟ್ರೋ ಅದಾದ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಡುರಾತ್ರಿ ದಾಟಿ ಹೊರಡುವ ವಿಮಾನವಿದ್ದರೂ ಒಂಬತ್ತರೊಳಗೆ ಹೊರಟುಬಿಡುವುದೇ ಕ್ಷೇಮ.

ತೆರಿಗೆ ವಾಪಸಾತಿ ಪಡೆಯುವವರು ಕ್ರಮ ತಪ್ಪಬಾರದು. ಒಂದೇ ಅಂಗಡಿಯಲ್ಲಿ ಒಂದೇ ದಿನ 200 ಯುವಾನ್ ದಾಟಿದ ಖರೀದಿಗೆ ಅಂಗಡಿಯವರಿಂದ ನಮೂನೆ ಮಾಡಿಸಿರಬೇಕು. ವಿಮಾನ ನಿಲ್ದಾಣದಲ್ಲಿ ಮೊದಲು ಕಸ್ಟಮ್ಸ್‌ನವರಿಗೆ ಸಾಮಾನು, ಪಾಸ್‌ಪೋರ್ಟ್ ತೋರಿಸಿ ಮುದ್ರೆ ಹಾಕಿಸಿ, ಆಮೇಲಷ್ಟೇ ಸೂಟ್‌ಕೇಸ್ ಕೊಡಬೇಕು. ಸೂಟ್‌ಕೇಸ್ ಬೆಲ್ಟಿನ ಮೇಲೆ ಸಾಗಿದ ನಂತರ ನೆನಪಾದರೆ ಆ ದುಡ್ಡಿನ ಆಸೆ ಬಿಡುವುದೇ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಲಿ. ಗುವಾಂಗ್‌ಝೌ ಅಥವಾ ಕುನ್‌ಮಿಂಗ್ ಮೂಲಕ ಮರಳುವವರಿಗೆ ಇನ್ನೊಂದು ಅಡ್ಡಿ: 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ ಎಂಬ ಚೀನಾದ ಸುರಕ್ಷತಾ ಗುರುತಿಲ್ಲದ ಪವರ್‌ಬ್ಯಾಂಕ್‌ಗೆ ಪ್ರವೇಶವಿಲ್ಲ. ಬೆಂಗಳೂರಿನಲ್ಲಿ ಕೊಂಡದ್ದರ ಮೇಲೆ ಆ ಗುರುತು ಇರುವುದು ಅಪರೂಪ.

ಗೇಟು ಮುಖ್ಯ ಕಟ್ಟಡದಿಂದ ಬೇರೆಯಾಗಿರುವ ಉಪಗ್ರಹ (ಸ್ಯಾಟಲೈಟ್) ಟರ್ಮಿನಲ್‌ನಲ್ಲಿದ್ದರೆ ವಲಸೆ ತಪಾಸಣೆ ಮುಗಿದ ಮೇಲೆ ನೆಲದಡಿಯ ಪುಟ್ಟ ರೈಲಿನಲ್ಲಿ ಹೋಗಬೇಕು. ಇದಕ್ಕೆಂದೇ ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಖಾಲಿ ಬಾಟಲಿಯನ್ನು ಬಿಸಾಡಬೇಡಿ, ಒಳಗೆ ಕುಡಿಯುವ ಬಿಸಿನೀರಿನ ನಲ್ಲಿ ಇದೆ.